ಅಜ್ಜನ ಬಯೋನೆಟ್ ಟಿಪ್ಪು ಕಾಲದ್ದಾ?

ಭಟ್ಕಳದ ನಮ್ಮ ಮನೆಯ ಅಟ್ಟದಲ್ಲಿ ಒಂದು ಬಯೋನೆಟ್ ಇತ್ತು. ಬಂದೂಕಿನ ತುದಿಗೆ ಸಿಕ್ಕಿಸೋ ಚೂರಿ. "ಟಿಪ್ಪು ಕಾಲದ್ದು, ಹೊನ್ನಾವರ ಕೋಟೆ ಯುದ್ಧದ್ದು" ಅಂತ ಅಜ್ಜ ಹೇಳ್ತಿದ್ರು. ಮಾರೋಕೆ ಹೊರಟಾಗ ನಾನು ಬೆಲೆ ಕಟ್ಟಿದ್ದು ಆ ಕಥೆಗೇ.

ಯುದ್ಧ ನಡೆದದ್ದು ನಿಜ. 1783ರ ಜನವರಿಯಲ್ಲಿ ಇಂಗ್ಲಿಷರು ಹೊನ್ನಾವರ ಹಿಡಿದರು. ಆಮೇಲೆ ಟಿಪ್ಪು ಸೈನ್ಯ ತಿಂಗಳುಗಟ್ಟಲೆ ಕೋಟೆಗೆ ಮುತ್ತಿಗೆ ಹಾಕಿತು. ಒಳಗಿದ್ದವರ ನಾಯಕ ಕ್ಯಾಪ್ಟನ್ ಟೊರಿಯಾನೊ. ಆದರೆ ಆಗಿನ ಇಂಗ್ಲಿಷ್ ಬಯೋನೆಟ್‌ಗೆ ಹಿಡಿಯೇ ಇರಲಿಲ್ಲ. ಮೂರು ಅಂಚಿನ ಅಲಗು, ಬಂದೂಕಿನ ನಳಿಗೆ ಮೇಲೆ ಕೂರೋ ಕೊಳವೆ, ಅಷ್ಟೇ. ನಮ್ಮದಕ್ಕೆ ಮರದ ಹಿಡಿ, 12 ಇಂಚಿನ ಚಪ್ಪಟೆ ಅಲಗು.

ಸಂಗ್ರಾಹಕರೊಬ್ಬರು ಫೋಟೊ ನೋಡಿ ಅಂದರು: "ತುಕ್ಕು ಉಜ್ಜಬೇಡಿ, ಗುರುತು ಹೋಗುತ್ತೆ. ಅಲಗಿನ ಬುಡ ನೋಡಿ." ಎಣ್ಣೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದೆ. 'ಆರ್‌ಎಫ್‌ಐ', 1942. ಅಂದ್ರೆ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ. ಲೀ-ಎನ್‌ಫೀಲ್ಡ್ ರೈಫಲ್‌ಗೆ ಹಾಕ್ತಿದ್ದ 1907ರ ಮಾದರಿಯ ಅಲಗು 17 ಇಂಚು. ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿ ಅದನ್ನೇ 12 ಇಂಚಿಗೆ ಇಳಿಸಿ ಮಾಡ್ತಿದ್ರು.

ವರ್ಷ ಕೇಳಿದ ಅಮ್ಮ ಸುಮ್ಮನಾದರು. ಆಮೇಲೆ, "ಅಜ್ಜನ ಅಣ್ಣ ಮಿಲಿಟರಿಯಲ್ಲಿ ಇದ್ರಲ್ಲ" ಅಂದರು. ಟಿಪ್ಪು ಕಥೆ ಹೇಳ್ತಾ ಹೇಳ್ತಾ ನಾವು ಮನೆಯವರನ್ನೇ ಮರೆತಿದ್ವಿ.

ನಿಮ್ಮನೇಲೂ ಇಂಥದ್ದಿದ್ರೆ ಮೊದಲು ಮುದ್ರೆ ಓದಿ, ಕಥೆ ಆಮೇಲೆ. ಇನ್ನೊಂದು ಮಾತು: 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬಯೋನೆಟ್ ಹೆಸರೂ ಇದೆ. ಮಾರೋ ಮುಂಚೆ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ. ನಾನಂತೂ ಮಾರಾಟದ ಯೋಚನೆ ಸದ್ಯಕ್ಕೆ ಬಿಟ್ಟಿದ್ದೇನೆ.