ಇಲ್ಲದ ಹುಡುಗನ ಸ್ನೇಹ

ವೀಕ್ಷಕರೇ, ಇವತ್ತು ನಿಮ್ಮನ್ನು 2006ಕ್ಕೆ ಕರ್ಕೊಂಡು ಹೋಗ್ತೀನಿ. ಆಗಿನ್ನೂ ಇನ್‌ಸ್ಟಾಗ್ರಾಮ್ ಇಲ್ಲ, ವಾಟ್ಸ್ಆ್ಯಪ್ ಇಲ್ಲ. ಅಮೆರಿಕದ ಹುಡುಗ ಹುಡುಗಿಯರು ಮುಗಿಬಿದ್ದಿದ್ದು ಮೈಸ್ಪೇಸ್‌ಗೆ. ಮಿಸೌರಿ ರಾಜ್ಯದ ಒಂದು ಸಣ್ಣ ಊರಿನ ಮೇಗನ್ ಮಾಯರ್ ಕೂಡ ಅಲ್ಲಿದ್ದಳು. ವಯಸ್ಸು 13.

ಜಾಷ್ ಅನ್ನುವ 16ರ ಹುಡುಗ ಪರಿಚಯವಾದ. ಕೆಲವು ವಾರ ಅಕ್ಕರೆಯ ಮಾತು. ಅಕ್ಟೋಬರ್‌ನಲ್ಲಿ ಇದ್ದಕ್ಕಿದ್ದಂತೆ ತಿರುಗಿಬಿದ್ದ, ಬೇರೆಯವರೂ ಸೇರಿಕೊಂಡು ಬೈದರು. ಮೇಗನ್ ಪ್ರಾಣ ಕಳೆದುಕೊಂಡಳು. 14ನೇ ಹುಟ್ಟುಹಬ್ಬಕ್ಕೆ ಇನ್ನು ಮೂರು ವಾರ ಬಾಕಿಯಿತ್ತು.

ಆಮೇಲೆ ಗೊತ್ತಾಯ್ತು, ಜಾಷ್ ಅನ್ನುವವನೇ ಇರಲಿಲ್ಲ. ಆ ಖಾತೆಯ ಹಿಂದೆ ಇದ್ದವರು ಮೇಗನ್‌ಳ ಹಳೇ ಗೆಳತಿ, ಆ ಗೆಳತಿಯ ತಾಯಿ, ತಾಯಿಯ ಬಳಿ ಕೆಲಸಕ್ಕಿದ್ದ ಯುವತಿ. ಅದೇ ಬೀದಿಯವರು! ಮೇಗನ್‌ಳ ತಾಯಿ ಟೀನಾ ಎಚ್ಚರ ತಪ್ಪಿದವರಲ್ಲ, ಮಗಳ ಖಾತೆಯ ಮೇಲೆ ಕಣ್ಣಿಟ್ಟಿದ್ದರು. ಆದರೂ ಹೀಗಾಯ್ತು.

ಕೇಸು ಹಾಕೋಣ ಅಂದ್ರೆ ಮಿಸೌರಿಯಲ್ಲಿ ಸೆಕ್ಷನ್ನೇ ಇಲ್ಲ. ಅಲ್ಲಿನ ಕಾನೂನು ಮಾತಾಡ್ತಿದ್ದದ್ದು ಪತ್ರ, ಫೋನ್‌ನ ಕಿರುಕುಳದ ಬಗ್ಗೆ. ಕೊನೆಗೆ ಲಾಸ್ ಏಂಜಲೀಸ್‌ನಲ್ಲಿ, ಹ್ಯಾಕರ್‌ಗಳನ್ನು ಹಿಡಿಯಲಿಕ್ಕೆಂದು 1986ರಲ್ಲಿ ಮಾಡಿದ್ದ ಕಾಯ್ದೆಯಡಿ ಕೇಂದ್ರ ಸರ್ಕಾರ ಕೇಸು ಹಾಕಿತು. ಯಾಕೆ ಲಾಸ್ ಏಂಜಲೀಸ್? ಮೈಸ್ಪೇಸ್‌ನ ಸರ್ವರ್‌ಗಳು ಆ ಭಾಗದಲ್ಲಿದ್ದವು. ವಾದವೇನು? ಸುಳ್ಳು ಹೆಸರು ಕೊಟ್ಟಿದ್ದರಿಂದ ವೆಬ್‌ಸೈಟಿನ ಷರತ್ತು ಮುರಿದಂತಾಯ್ತು! ನಾವು ಓದದೇ 'ಐ ಅಗ್ರೀ' ಅಂತ ಒತ್ತುತ್ತೀವಲ್ಲ, ಅದೇ ಷರತ್ತು. ಇಂಜಿನಿಯರಿಂಗ್ ಓದಿದ ನನಗೆ ಇಲ್ಲಿ ನಗಬೇಕೋ ಅಳಬೇಕೋ ತಿಳಿಯೋದಿಲ್ಲ. ಮೈಸ್ಪೇಸ್ ಸೇರಲು 14 ತುಂಬಿರಬೇಕಿತ್ತು. ಈ ಲೆಕ್ಕದಲ್ಲಿ ಸತ್ತ ಮಗುವೂ ಅಪರಾಧಿಯೇ ಆಗಬೇಕಲ್ವಾ?

2008ರ ನವೆಂಬರ್ 26ರಂದು ಜ್ಯೂರಿ ಆ ತಾಯಿಯನ್ನು ಸಣ್ಣ ಅಪರಾಧಗಳಲ್ಲಿ ದೋಷಿ ಎಂದಿತು. (ಆ ದಿನಾಂಕ ನಮಗೆ ಬೇರೆ ಕಾರಣಕ್ಕೆ ನೆನಪಿದೆ, ಟೀವಿಯಲ್ಲೆಲ್ಲ ಮುಂಬೈ.) ಮರುವರ್ಷ ನ್ಯಾಯಾಧೀಶ ಜಾರ್ಜ್ ವೂ ಅದನ್ನೂ ರದ್ದು ಮಾಡಿದರು. ಷರತ್ತು ಮುರಿದವರೆಲ್ಲ ಜೈಲಿಗೆ ಅನ್ನೋದಾದ್ರೆ ಹೊರಗೆ ಉಳಿಯುವವರು ಯಾರು? ತೀರ್ಪು ಸರಿಯೇ ಅನ್ನಿಸುತ್ತೆ. ಟೀನಾ ಮುಖ ನೆನಪಾದರೆ ಹಾಗೆ ಹೇಳಲು ಬಾಯಿ ಬರೋದಿಲ್ಲ.

ಅಷ್ಟರಲ್ಲಿ ಮಿಸೌರಿ ತನ್ನ ಕಾನೂನು ತಿದ್ದಿಕೊಂಡಿತ್ತು. ಟೀನಾ ಕೋರ್ಟಿಗಾಗಿ ಕಾಯುತ್ತಾ ಕೂರಲಿಲ್ಲ. 2007ರಲ್ಲೇ ಮಗಳ ಹೆಸರಿನಲ್ಲಿ ಸಂಸ್ಥೆ ಕಟ್ಟಿ, ಶಾಲೆ ಶಾಲೆಗೆ ಹೋಗಿ ಮಕ್ಕಳ ಮುಂದೆ, ಅಪ್ಪ ಅಮ್ಮಂದಿರ ಮುಂದೆ ಈ ಕಥೆ ಹೇಳತೊಡಗಿದರು.

ಒಂದು ವಿಷಯ ನಾನು ಆನ್ ಏರ್ ಹೇಳಿರಲಿಲ್ಲ, ಪುಸ್ತಕದಲ್ಲಿ ಹೇಳ್ತೀನಿ. ನಮ್ಮ ಹಾಸ್ಟೆಲ್‌ನಲ್ಲಿ ಆರ್ಕುಟ್ ಕಾಲದಲ್ಲಿ ಹುಡುಗಿಯ ಹೆಸರಲ್ಲಿ ಒಂದು ಖಾತೆ ತೆರೆದು, ಮಾತು ಕಮ್ಮಿ ಇದ್ದ ಒಬ್ಬ ಹುಡುಗನನ್ನು ಎರಡು ತಿಂಗಳು ಆಟ ಆಡಿಸಿದೆವು. ಅವನ ಸ್ಕ್ರ್ಯಾಪ್‌ಗಳನ್ನು ಮೆಸ್‌ನಲ್ಲಿ ಗಟ್ಟಿಯಾಗಿ ಓದಿದವನು ನಾನೇ. ಧ್ವನಿ ಚೆನ್ನಾಗಿದೆ ಅಂತ ನನ್ನನ್ನು ಆರಿಸಿದ್ದರು. ಅವನು ತಟ್ಟೆ ಬಿಟ್ಟು ಎದ್ದು ಹೋದ, ಮುಂದಿನ ಸೆಮಿಸ್ಟರ್‌ಗೆ ರೂಮ್ ಖಾಲಿ ಮಾಡಿದ. ಮೇಗನ್ ಬಗ್ಗೆ ಓದಿದ ರಾತ್ರಿ ಅವನ ನಂಬರ್ ಹುಡುಕಿ ಫೋನ್ ಮಾಡಿದೆ. ಎತ್ತಿದ. ನನ್ನ ಹೆಸರು ಹೇಳಿದ ಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.