ಹೊಸ ಅಲೆ ಅಂದ್ರೆ ಯಾರ ಅಲೆ?



ಮೊನ್ನೆ ಶಿವಮೊಗ್ಗದಲ್ಲಿ ಕಾರ್ಯಕ್ರಮ ಮುಗಿಸಿ ಟೀ ಕುಡೀತಾ ನಿಂತಿದ್ವಿ. ಕಾಲೇಜು ಹುಡುಗನೊಬ್ಬ, "ಅಣ್ಣಾ, ನ್ಯೂ ವೇವ್ ಮ್ಯೂಸಿಕ್ ಎಲ್ಲಾ ಲಂಡನ್ನು, ನ್ಯೂಯಾರ್ಕಿನದು. ನಮ್ಮಲ್ಲಿ ಅಂಥದ್ದು ಆಗ್ಲೇ ಇಲ್ಲ" ಅಂದ. ಅವನಿಗೆ ಅಲ್ಲೇ ಪೂರ್ತಿ ಉತ್ತರ ಕೊಡೋಕಾಗಲಿಲ್ಲ. ಇಲ್ಲಿ ಬರೀತಿದ್ದೀನಿ. ಉದ್ದ ಆಗಿದೆ, ತಾಳ್ಮೆಯಿಂದ ಓದಿ.

ಈ ಹೆಸರಿಗೆ ದೇಶಕ್ಕೊಂದು ಅರ್ಥ. ಬ್ರಿಟನ್, ಅಮೆರಿಕದಲ್ಲಿ 1977ರ ಸುಮಾರಿಗೆ ಪಂಕ್ ಹಿಂದೆಯೇ ಬಂದ ಬ್ಯಾಂಡುಗಳನ್ನ ನ್ಯೂ ವೇವ್ ಅಂದರು. ಜರ್ಮನಿಯಲ್ಲಿ 1980ರ ಆಸುಪಾಸಿನಲ್ಲಿ ಇಂಗ್ಲಿಷ್ ಬಿಟ್ಟು ತಮ್ಮ ಭಾಷೆಯಲ್ಲೇ ಹಾಡಿದ್ದೇ ಹೊಸ ಅಲೆ. ಲ್ಯಾಟಿನ್ ಅಮೆರಿಕದಲ್ಲಿ ಇವರೆಲ್ಲರಿಗಿಂತ ಮುಂಚೆ, 60ರ ದಶಕದಲ್ಲೇ 'ನುಯೆವಾ ಓಲಾ' ಬಂದಿತ್ತು. ಅದು ಅಮೆರಿಕದ ರಾಕ್ ಅಂಡ್ ರೋಲಿನ ಸ್ಪ್ಯಾನಿಷ್ ರೂಪ. ಅದೇ ಚಿಲಿಯಲ್ಲಿ ರೈತರ, ಕಾರ್ಮಿಕರ 'ಹೊಸ ಹಾಡು' ಚಳವಳಿಯೂ ಹುಟ್ಟಿತು. ಅದರ ಗಾಯಕ ವಿಕ್ಟರ್ ಹಾರಾನನ್ನ 1973ರ ಸೆಪ್ಟೆಂಬರಿನಲ್ಲಿ ಮಿಲಿಟರಿಯವರು ಕೊಂದರು. ಒಂದೇ ದೇಶ, ಎರಡು ಹೊಸತನ.

ನಮ್ಮಲ್ಲಿ 'ಹೊಸ ಅಲೆ' ಅಂದ ಕೂಡಲೇ ಸಿನಿಮಾ ನೆನಪಾಗುತ್ತೆ. 1970ರ 'ಸಂಸ್ಕಾರ', 1975ರ 'ಚೋಮನ ದುಡಿ'. ಬಿ.ವಿ. ಕಾರಂತರು ಹೊಸ ಅಲೆ ಸಿನಿಮಾದ ಸಂಗೀತವನ್ನೂ ಬದಲಾಯಿಸಿದರು. ನಮ್ಮ ಜಿಲ್ಲೆಯ ಶಿವಮೊಗ್ಗ ಸುಬ್ಬಣ್ಣನವರು ಕಂಬಾರರ 'ಕಾಡು ಕುದುರೆ'ಗೆ ಹಾಡಿ ರಾಷ್ಟ್ರಪ್ರಶಸ್ತಿ ತಂದರು. ಆ ತಲೆಮಾರಿನ ಮೇಷ್ಟ್ರುಗಳಿಗೆ ಸುಗಮ ಸಂಗೀತವೇ ಹೊಸದು. ಒಪ್ಪೋಣ, ಅದು ದೊಡ್ಡ ಸಾಧನೆಯೇ.

ಆದ್ರೆ 'ಚೋಮನ ದುಡಿ'ಯನ್ನ ಇನ್ನೊಮ್ಮೆ ನೋಡಿ. ಚೋಮ ತನ್ನ ನೋವನ್ನೆಲ್ಲಾ ದುಡಿಗೆ ಹೇಳ್ತಾನೆ, ಬಾರಿಸ್ತಾ ಬಾರಿಸ್ತಾ ಸಾಯ್ತಾನೆ. ಸ್ವರ್ಣಕಮಲ ಬಂದ ಸಿನಿಮಾ. ಕಾದಂಬರಿ ಬರೆದವರು, ಸಿನಿಮಾ ಮಾಡಿದವರು ನಮ್ಮ ಕೇರಿಯವರಲ್ಲ. ಅವರ ಕಾಳಜಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಆದ್ರೆ ಅಲ್ಲಿ ನಮ್ಮ ವಾದ್ಯ ಒಬ್ಬ ಒಂಟಿ ಮನುಷ್ಯನ ಗೋಳು.

ಅದೇ ಹೊತ್ತಿಗೆ ಇಲ್ಲಿ, ಭದ್ರಾವತಿಯಲ್ಲಿ ಏನಾಗ್ತಿತ್ತು? ಕಬ್ಬಿಣದ ಕಾರ್ಖಾನೆ, ಪೇಪರ್ ಮಿಲ್ಲಿನ ಊರು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ಗೆಳೆಯರ ಜೊತೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. 1973ರ ಬೂಸಾ ಗಲಾಟೆಯ ಬಿಸಿ ಇನ್ನೂ ಆರಿರಲಿಲ್ಲ. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಆ ಪದ್ಯಗಳು ಪುಸ್ತಕದಲ್ಲಿ ಉಳೀಲಿಲ್ಲ. ಮೆರವಣಿಗೆಯಲ್ಲಿ, ಕೇರಿಯಲ್ಲಿ, ಹಾಸ್ಟೆಲಿನಲ್ಲಿ ತಮಟೆ ಜೊತೆ ಹಾಡಾದವು. ಓದು ಬಾರದವರಿಗೂ ಬಾಯಿಪಾಠ. ದುಡಿ ಬಾರಿಸಿ ಸತ್ತ ಚೋಮನ ಮಕ್ಕಳು ತಮಟೆ ಹಿಡಿದು ಬೀದಿಗೆ ಬಂದಿದ್ರು. ನನ್ನ ಲೆಕ್ಕದಲ್ಲಿ ಕನ್ನಡದ ಹೊಸ ಅಲೆ ಸಂಗೀತ ಇದೇ. ಇದಕ್ಕೆ ಕ್ಯಾಸೆಟ್ ಕಂಪನಿ ಇರ್ಲಿಲ್ಲ, ಪ್ರಶಸ್ತಿ ಇರ್ಲಿಲ್ಲ. ಅದಕ್ಕೇ ಸಂಗೀತದ ಚರಿತ್ರೆಯಲ್ಲಿ ಇದನ್ನ ಹುಡುಕಬೇಕು.

ಇಲ್ಲೊಂದು ಕಷ್ಟದ ಮಾತನ್ನೂ ಹೇಳಬೇಕು. ತಮಟೆ ನಮಗೆ ಬರೀ ಕಲೆಯಲ್ಲ, ಬಿಟ್ಟಿ ಚಾಕರಿ. ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಕರೆದಾಗ ಹೋಗಲೇಬೇಕಿತ್ತು. ನಮ್ಮಪ್ಪ ತಮಟೆಯನ್ನ ಅಟ್ಟದ ಮೇಲೆ ಎಸೆದು, "ನೀನು ಇದನ್ನ ಮುಟ್ಟಬೇಡ, ಓದು" ಅಂದಿದ್ರು. ಸಂಘಟನೆಗೆ ಬಂದ ಮೇಲೆ ನಾನೇ ಅದನ್ನ ಕೆಳಗಿಳಿಸಿದಾಗ ವಾರಗಟ್ಟಲೆ ಮಾತಾಡಲಿಲ್ಲ. ಈಗ ಅನ್ಸುತ್ತೆ, ಅಪ್ಪನೂ ಸರಿ, ನಾನೂ ಸರಿ. ಗೌಡರ ಮನೆ ಮುಂದೆ ಬಾರಿಸಲ್ಲ ಅನ್ನೋದು ಒಂದು ತಲೆಮಾರಿನ ಹೋರಾಟ. ನಮ್ಮ ಮೆರವಣಿಗೆಯಲ್ಲಿ ಬಾರಿಸ್ತೀವಿ ಅನ್ನೋದು ಮುಂದಿನದು.

ಈಗಿನ ಹುಡುಗರಿಗೆ ರ‍್ಯಾಪ್ ಹೊಸದು. ಚೆನ್ನೈನಲ್ಲಿ 2018ರಲ್ಲಿ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಗಾನಾ ಮತ್ತು ರ‍್ಯಾಪನ್ನ ಒಂದೇ ವೇದಿಕೆಗೆ ತಂತು. ಕೆಲವು ಹಿರಿಯರು "ಇದೆಂಥಾ ಹಾಡು?" ಅಂತ ಮೂಗು ಮುರೀತಾರೆ. ಅಣ್ಣಂದಿರೇ, ನಿಮ್ಮ ಹಾಡನ್ನ ಕೇಳಿದಾಗಲೂ ಯಾರೋ ಹಾಗೇ ಅಂದಿದ್ರು, ಮರೀಬೇಡಿ.

ಆ ಹುಡುಗನಿಗೆ ನಾನು ಹೇಳೋದಿಷ್ಟೇ. ತಮ್ಮಾ, ಹೊಸ ಅಲೆ ನಿನ್ನೂರಲ್ಲೇ ಎದ್ದಿತ್ತು. 70–80ರ ದಶಕದ ಮೆರವಣಿಗೆಗಳಲ್ಲಿ ಹಾಡಿದವರು ಭದ್ರಾವತಿ, ಶಿವಮೊಗ್ಗದ ಕೇರಿಗಳಲ್ಲಿ ಇನ್ನೂ ಇದ್ದಾರೆ, ವಯಸ್ಸಾಗಿದೆ. ಕೈಯಲ್ಲಿ ಮೊಬೈಲ್ ಇದೆಯಲ್ಲ, ಹೋಗಿ ಅವರ ದನಿ ರೆಕಾರ್ಡ್ ಮಾಡು. ನಾನೂ ಬರ್ತೀನಿ.