ವಿಜಯಪುರದ ಅಗಸಿಗಳು ಮತ್ತು ಸಂಚಾರಮಾರ್ಗಗಳು: ಒಂದು ಅವಲೋಕನ

ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ಪ್ರಸ್ಥಭೂಮಿಯಲ್ಲಿ ನೆಲೆಗೊಂಡಿರುವ ವಿಜಯಪುರ ನಗರಕ್ಕೆ ತನ್ನದೆನ್ನುವ ನದಿಯಿಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವುದಾದರೂ ಮೂರೂ ಕೋಟೆಯಿಂದ ದೂರದಲ್ಲಿವೆ. ಡೋಣಿ ಹರಿದರೆ ಓಣಿಗಳಲ್ಲೆಲ್ಲ ಜೋಳವೆಂಬ ಜನಪದರ ನಂಬಿಕೆಯೂ ಆ ಹೊಳೆದಂಡೆಯ ಎರೆಭೂಮಿಯನ್ನು ಕುರಿತದ್ದೇ ಹೊರತು ನಗರವನ್ನು ಕುರಿತದ್ದಲ್ಲ. ಆದಿಲಶಾಹಿಗಳ ರಾಜಧಾನಿಗೆ ನೀರೂ ಹೊರಗಿನಿಂದಲೇ ಬರಬೇಕಾಯಿತು. ತೊರವಿಯ ಕಡೆಯಿಂದ ನೆಲದಡಿಯ ಕಾಲುವೆ ಬಂದಿತು. 1651ರಲ್ಲಿ ಬೇಗಂ ತಲಾಬ್ ನಿರ್ಮಾಣಗೊಂಡಿತು. ಹೀಗೆ ಎಲ್ಲವನ್ನೂ ತರಿಸಿಕೊಂಡೇ ಬಾಳಿದ ಈ ನಗರದ ಚರಿತ್ರೆಯಲ್ಲಿ ಅರಮನೆಗಳಷ್ಟೇ ಪ್ರಾಮುಖ್ಯವು ಹಾದಿಗಳಿಗೂ ಸಲ್ಲಬೇಕು.

ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ, 1565ರ ಸುಮಾರಿಗೆ, ಪೂರ್ಣಗೊಂಡ ಕೋಟೆಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರು. ಅದರ ಪ್ರಧಾನ ದ್ವಾರಗಳು ಐದು: ಪಶ್ಚಿಮಕ್ಕೆ ಮಕ್ಕಾ, ವಾಯವ್ಯಕ್ಕೆ ಶಹಾಪುರ, ಉತ್ತರಕ್ಕೆ ಬಹಮನಿ, ಪೂರ್ವಕ್ಕೆ ಅಲ್ಲಾಪುರ, ದಕ್ಷಿಣದ ಕಡೆಗೆ ಮನಗೂಳಿ. ದ್ವಾರವು ತಾನು ತೆರೆದುಕೊಳ್ಳುವ ಊರಿನ ಇಲ್ಲವೆ ದಿಕ್ಕಿನ ಹೆಸರನ್ನು ಹೊರುವುದು ದಖ್ಖನಿನ ಕೋಟೆಪಟ್ಟಣಗಳಲ್ಲಿ ಸಾಮಾನ್ಯ. ಇಲ್ಲಿಯ ಹೆಸರುಗಳನ್ನು ಒಟ್ಟಿಗೆ ಓದಿದರೆ ಅವು ಒಂದು ದಾರಿನಕ್ಷೆಯೇ ಆಗುತ್ತವೆ.

ಇವುಗಳಲ್ಲಿ ಕೊನೆಯದು ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. 1686ರ ಸೆಪ್ಟೆಂಬರಿನಲ್ಲಿ ಸಿಕಂದರ ಆದಿಲಶಾಹನು ಶರಣಾಗತನಾದ ಮೇಲೆ ಔರಂಗಜೇಬನು ಈ ದ್ವಾರದಿಂದ ನಗರವನ್ನು ಪ್ರವೇಶಿಸಿದನೆಂದು ಹೇಳಲಾಗುತ್ತದೆ. ಅಂದಿನಿಂದ ಅದು ‘ಫತೇ ದರವಾಜಾ’, ಅರ್ಥಾತ್ ವಿಜಯದ್ವಾರ. ಸ್ಮಾರಕಗಳ ಪಟ್ಟಿಗಳು ಈ ಹೆಸರನ್ನೇ ಮುಂದಿಡುತ್ತವೆ. ಆದರೆ ಊರಿನ ಕನ್ನಡದ ಬಾಯಿಯಲ್ಲಿ ಉಳಿದದ್ದು ‘ಮನಗೂಳಿ ಅಗಸಿ’. ಗೆದ್ದವನು ಆ ಬಾಗಿಲಿನಿಂದ ಬಂದದ್ದು ಒಮ್ಮೆ. ಮನಗೂಳಿಯ ಬಂಡಿಗಳು ಬಂದುಹೋದದ್ದು ನಿತ್ಯ. ಫಾರಸಿ ತವಾರೀಖುಗಳನ್ನು ಮಾತ್ರ ಆಧರಿಸಿದ ಚರಿತ್ರೆಗೆ ಈ ಎರಡನೆಯ ಹೆಸರು ಬರಿಯ ಆಡುಮಾತಾಗಿ ಕಂಡೀತು. ವಾಸ್ತವವಾಗಿ ಹಳೆಯದು ಅದೇ.

ಸಾಗಾಟದ ನೆನಪು ಐತಿಹ್ಯದಲ್ಲಿಯೂ ಉಳಿದಿದೆ. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ ಮಲಿಕ್-ಎ-ಮೈದಾನ್ ತೋಪನ್ನು 1632ರಲ್ಲಿ ಪರಾಂಡಾ ಕೋಟೆಯಿಂದ ಇಲ್ಲಿಗೆ ತರಲಾಯಿತು. ತೂಕ ಸುಮಾರು 55 ಟನ್ನು. 400 ಎತ್ತು, 10 ಆನೆ, ನೂರಾರು ಆಳುಗಳು ಅದನ್ನು ಎಳೆದವೆಂದು ಇಂದಿಗೂ ಹೇಳುತ್ತಾರೆ. ಈ ಸಂಖ್ಯೆಗಳನ್ನು ಲೆಕ್ಕಪತ್ರವೆಂದು ಓದುವುದು ತರವಲ್ಲ. ಭೀಮೆಯನ್ನು ದಾಟಿಸಿ ಎರೆಮಣ್ಣಿನ ಮೇಲೆ ಇಂಥ ಭಾರವನ್ನು ತರುವ ದುಸ್ತರತೆಯನ್ನು ಜನರು ಅಳೆದ ಬಗೆ ಅದು.

ಆದಿಲಶಾಹಿಯ ಪತನಾನಂತರ ನಗರವು ಎರಡು ಶತಮಾನಗಳ ಕಾಲ ಕ್ಷೀಣಿಸಿತು. 1818ರಲ್ಲಿ ಸಾತಾರೆಯ ಅರಸರಿಗೆ ಸೇರಿದ ಈ ಪ್ರದೇಶವು 1848ರಲ್ಲಿ ಬ್ರಿಟಿಷರ ವಶವಾಯಿತು. 1864ರಲ್ಲಿ ರಚಿತವಾದ ಜಿಲ್ಲೆಯ ಕೇಂದ್ರಸ್ಥಳ ವಿಜಯಪುರವಲ್ಲ, ಘಟಪ್ರಭೆಯ ದಂಡೆಯ ಕಲಾದಗಿ. 1876–78ರ ಭೀಕರ ಕ್ಷಾಮವು ಪರಿಸ್ಥಿತಿಯನ್ನು ಬದಲಿಸಿತು. ರಸ್ತೆಯ ಮೇಲಿನ ಎತ್ತಿನ ಬಂಡಿಗಳನ್ನೇ ನಂಬಿದರೆ ಬರಗಾಲದಲ್ಲಿ ಧಾನ್ಯ ತಲುಪದು, ಎತ್ತಿಗೂ ಮೇವಿರುವುದಿಲ್ಲ. ಈ ಅನುಭವದ ಹಿನ್ನೆಲೆಯಲ್ಲಿ ಸದರ್ನ್ ಮರಾಠಾ ರೈಲ್ವೆಯ ಹೊಟಗಿ–ಗದಗ ಮೀಟರ್‌ಗೇಜ್ ಮಾರ್ಗ ಹುಟ್ಟಿತು. 1884ರಲ್ಲಿ ರೈಲು ವಿಜಯಪುರಕ್ಕೆ ಬಂದಿತು. 1885ರಲ್ಲಿ ಜಿಲ್ಲಾಕೇಂದ್ರವು ಕಲಾದಗಿಯಿಂದ ಇಲ್ಲಿಗೆ ಸ್ಥಳಾಂತರಗೊಂಡಿತು. ಹಳಿಗಳು ಬಾಗಲಕೋಟೆಯನ್ನು ಹಾಯ್ದು ಹೋದವು, ಕಲಾದಗಿಯನ್ನು ಮುಟ್ಟಲಿಲ್ಲ. ಇವೆರಡನ್ನೂ ಕಾಕತಾಳೀಯವೆನ್ನಲಾಗದು.

ನಿಲ್ದಾಣವು ಕೋಟೆಯ ಪೂರ್ವಕ್ಕೆ, ಗೋಲಗುಮ್ಮಟಕ್ಕೆ ಸಮೀಪದಲ್ಲಿ ನಿಂತುದರಿಂದ ನಗರದ ಮುಖವೇ ತಿರುಗಿತು. ದಾಭೋಳದಂಥ ಪಡುವಣ ಬಂದರುಗಳತ್ತ ನೋಡುತ್ತಿದ್ದ ಮಕ್ಕಾ ದ್ವಾರ ಹಿತ್ತಿಲಾಯಿತು. ಮುಂದೆ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಿತು. 50 ಮತ್ತು 52ನೆಯ ರಾಷ್ಟ್ರೀಯ ಹೆದ್ದಾರಿಗಳು ಇಂದು ಇಲ್ಲಿ ಸಂಧಿಸುತ್ತವೆ. 1997ರಲ್ಲಿ ಜಿಲ್ಲೆಯ ವಿಭಜನೆಯಾದಾಗ ಹಿಂದಿನ ಕೇಂದ್ರ ಕಲಾದಗಿಯು ಬಾಗಲಕೋಟೆ ಜಿಲ್ಲೆಗೆ ಸೇರಿತು. 2014ರ ನವೆಂಬರ್ 1ರಂದು ಬಿಜಾಪುರವು ಅಧಿಕೃತವಾಗಿ ವಿಜಯಪುರವಾಯಿತು. ಮನಗೂಳಿ ಅಗಸಿಯ ಹೆಸರು ಮಾತ್ರ ಇಂದಿಗೂ ಅದೇ.